ಸಂಪಾದಕರ ಮಾತು: ಈ ಬಾರಿ ಮುಟ್ಟಿ ನೋಡಿ

ಈ ಸಂಚಿಕೆ ನಿನ್ನೆಯೇ ಮುದ್ರಣಕ್ಕೆ ಹೋಗಬೇಕಿತ್ತು. ರಜೆಗೆಂದು ಚಿತ್ರದುರ್ಗಕ್ಕೆ ಬಂದವನು ತಮ್ಮನ ಮನೆಯ ಊಟದ ಮೇಜಿನ ಮೇಲೆ, ಕರೆಂಟು ಹೋಗಿ ಬರುವ ನಡುವೆ, ಇದನ್ನು ಬರೆಯುತ್ತಿದ್ದೇನೆ; ತಪ್ಪುಗಳಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಪಕ್ಕದ ಕುರ್ಚಿಯಲ್ಲಿ ಚಳ್ಳಕೆರೆಯಿಂದ ತಂದ ಎರಡು ಕರಿ ಕಂಬಳಿಗಳಿವೆ. ಅಮೆರಿಕದಲ್ಲಿ ನಡೆಯುವ ನಮ್ಮ ರಾಜ್ಯೋತ್ಸವದ ಕರಕುಶಲ ಮೇಳಕ್ಕೆ ಅವು ಬರುತ್ತವೆ, ಮತ್ತು ಅವುಗಳ ಮುಂದೆ ಯಾವ ಫಲಕವೂ ಇರುವುದಿಲ್ಲ.

ಕಳೆದ ವರ್ಷ ಇತ್ತು. “ದಯವಿಟ್ಟು ಮುಟ್ಟಬೇಡಿ” ಎಂದು ದಪ್ಪಕ್ಷರದಲ್ಲಿ ಬರೆದು ಹಗ್ಗ ಕಟ್ಟಿದವನು ನಾನೇ. ಕಣ್ಣಿನ ದೃಷ್ಟಿ ತೀರ ಮಂದವಾಗಿರುವ ಎಂಟು ವರ್ಷದ ಹುಡುಗನೊಬ್ಬ, ತಾಯಿ ಆ ಫಲಕವನ್ನು ಓದಿ ಹೇಳಿದ ಮೇಲೆ, “ಮುಟ್ಟದೆ ನಾನು ಹೇಗೆ ನೋಡಲಿ?” ಎಂದು ಕೇಳಿದ. ಅದರಲ್ಲಿ ದೂರಿನ ದನಿಯಿರಲಿಲ್ಲ. ದಾರಿ ಯಾವುದೆಂದು ಕೇಳುವವನಂತೆ ಕೇಳಿದ.

ಚಳ್ಳಕೆರೆ ತಾಲ್ಲೂಕಿನ ನನ್ನ ಅಜ್ಜಿಯ ಊರಿನಲ್ಲಿ, ಪಕ್ಕದ ಮನೆಯವರು ಕಂಬಳಿ ನೇಯುತ್ತಿದ್ದರು. ಅವರದು ಕುಣಿ ಮಗ್ಗ. ನೇಯುವವರು ನೆಲದ ಮೇಲೆ ಕುಳಿತು ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟಿರುತ್ತಿದ್ದರು. ಹೆಂಗಸರು ನೂಲುತ್ತಿದ್ದರು. ಹುಣಸೆ ಬೀಜವನ್ನು ನೆನೆಸಿ, ರುಬ್ಬಿ, ಕುದಿಸಿದ ಗಂಜಿಯನ್ನು ಬೀದಿಯುದ್ದಕ್ಕೂ ಎಳೆದುಕಟ್ಟಿದ ಹಾಸಿನ ಎಳೆಗಳಿಗೆ ಬಳಿಯುವಾಗ ಕೇರಿಯ ಮಕ್ಕಳೆಲ್ಲ ಸೇರುತ್ತಿದ್ದೆವು. ಆ ಹುಳಿಗಂಜಿಯ ವಾಸನೆ ಈ ಹೊತ್ತೂ ಈ ಕುರ್ಚಿಯಿಂದ ಬರುತ್ತಿದೆ. ಮನೆಯ ಹಿರಿಯನಿಗೆ ಕಣ್ಣು ಪೂರ್ತಿ ಹೋಗಿತ್ತು. ಆದರೂ ಮಗ್ಗದಿಂದ ಇಳಿದ ಪ್ರತಿಯೊಂದು ಕಂಬಳಿಯೂ ಮೊದಲು ಬರುತ್ತಿದ್ದುದು ಜಗಲಿಯ ಮೇಲೆ ಕುಳಿತ ಅವನ ತೊಡೆಗೆ. ಅಂಗೈಯನ್ನು ಅಂಚಿನಿಂದ ಅಂಚಿಗೆ ನಿಧಾನವಾಗಿ ಸರಿಸುತ್ತಾ ಹೋಗಿ, ಒಂದೆಡೆ ನಿಂತು, ಹೆಬ್ಬೆರಳಿನಿಂದ ಒತ್ತಿ, “ಇಲ್ಲಿ ಎಳೆ ಹರಿದು ಗಂಟು ಹಾಕೀರಿ” ಎನ್ನುತ್ತಿದ್ದ. ಮರಿಯ ಮೊದಲ ಕತ್ತರಿಯ ಉಣ್ಣೆ ಯಾವುದು, ಬಲಿತ ಕುರಿಯದು ಯಾವುದು ಎಂಬುದನ್ನೂ ಬೆರಳೇ ಹೇಳುತ್ತಿತ್ತು. ಅವನು ಒಪ್ಪಿದ ಮೇಲಷ್ಟೇ ಕಂಬಳಿ ಸಂತೆಗೆ ಹೋಗುತ್ತಿತ್ತು. ಅಂಥ ಕಸುಬಿಗೆ ನಾನು ಹಗ್ಗ ಕಟ್ಟಿದೆ.

ನೆಲದ ಮಟ್ಟಕ್ಕಿಂತ ಕೆಳಗಿರಬೇಕಾದ ಮಗ್ಗದ ಪುಟ್ಟ ಮಾದರಿಯನ್ನು ಕಳೆದ ಬಾರಿ ವೇದಿಕೆಯ ಮೇಲೆ ಏರಿಸಿದ್ದು ಇನ್ನೊಂದು ತಪ್ಪು. ಗಾಲಿಕುರ್ಚಿಯ ಹಿರಿಯರಿಬ್ಬರು ಕೆಳಗಿನಿಂದ ನೇಯುವವರ ಮಂಡಿಯನ್ನಷ್ಟೇ ನೋಡಿದರು. ವೇದಿಕೆಯ ಎತ್ತರ ಒಂದೂವರೆ ಅಡಿ. ಅಮೆರಿಕದ ನಿಯಮದಂತೆ ಒಂದು ಅಡಿ ಏರಿಗೆ 12 ಅಡಿ ಇಳಿಜಾರು ಬೇಕು, ಅಂದರೆ 18 ಅಡಿ, ಅಷ್ಟನ್ನು ಹಾಕಿದರೆ ಊಟದ ಸಾಲಿಗೆ ಜಾಗ ಉಳಿಯದು. ಆದ್ದರಿಂದ ಮಗ್ಗ ಕೆಳಗಿಳಿಯುತ್ತದೆ, ಭಾಷಣಗಳು ಬೇಕಾದರೆ ಮೇಲೆಯೇ ಇರಲಿ. ಮೊಳಕಾಲ್ಮೂರಿನ ರೇಷ್ಮೆಗೆ ಬೆವರಿನ ಕೈ ಆಗದು ಎಂಬ ಆಕ್ಷೇಪ ಸರಿಯಾದದ್ದೇ. ಸೀರೆಯನ್ನು ಮೇಲೆ ತೂಗುಹಾಕಿ, ಸವೆದ ಹಳೆಯ ಸೀರೆಯ ಸೆರಗನ್ನು ಮುಟ್ಟಲೆಂದು ಕೆಳಗಿಡೋಣ. ಯಾರ ಬಳಿಯಾದರೂ ಅಂಥದ್ದಿದ್ದರೆ ಕೊಡಿ.

ಆತುರದಲ್ಲಿ ಉಳಿದದ್ದನ್ನು ಹೇಳಿಬಿಡುತ್ತೇನೆ. ಮೇಳ ನವೆಂಬರಿನ ಎರಡನೆಯ ಶನಿವಾರ. ಬೆಳಿಗ್ಗೆ 10ರಿಂದ 11ರವರೆಗೆ ಮೈಕು, ಡೊಳ್ಳು ಎರಡೂ ಇಲ್ಲ. ಗದ್ದಲವನ್ನು ತಾಳದ ಮಕ್ಕಳು ಮತ್ತು ಹಿರಿಯರು ಆ ಹೊತ್ತಿಗೆ ಬರಬಹುದು. ಮಧ್ಯಾಹ್ನ ಡೊಳ್ಳು, ಅದರ ಹಿಂದೆಯೇ ದಾವಣಗೆರೆಯ ಬೆಣ್ಣೆ ದೋಸೆ. ತಟ್ಟೆ ಮನೆಯಿಂದ ತನ್ನಿ. ಕನ್ನಡ ಓದಲು ಬಾರದ ಅಳಿಯ, ಸೊಸೆ, ಮೊಮ್ಮಕ್ಕಳಿಗಾಗಿ ಪ್ರತಿ ಮೇಜಿನಲ್ಲೂ ವಿವರಿಸಿ ಹೇಳುವವರೊಬ್ಬರು ಬೇಕು, ಮತ್ತು ಕಷ್ಟವಿರುವುದು ಇಲ್ಲಿಯೇ: ಮೇಜುಗಳು ಒಂಬತ್ತು, ಹೆಸರು ಕೊಟ್ಟವರು ಮೂವರು, ಅದರಲ್ಲಿ ಒಬ್ಬ ನಾನು. ಮೇಜುಗಳ ನಡುವೆ ಗಾಲಿಕುರ್ಚಿ ತಿರುಗುವಷ್ಟು ಜಾಗ ಬಿಡಲು ಹಿಂದಿನ ರಾತ್ರಿ ಅಳತೆಪಟ್ಟಿ ಹಿಡಿಯುವವರೂ ಬೇಕು. ಬೆನ್ನು ಮೊದಲಿನಂತಿಲ್ಲ, ಒಬ್ಬನೇ ಎತ್ತಲಾರೆ.

ಆ ಹುಡುಗನ ತಾಯಿಗೆ ನಿನ್ನೆ ಫೋನು ಮಾಡಿದ್ದೆ. ಫೋನನ್ನು ಅವನೇ ಕಸಿದುಕೊಂಡು ಕಂಬಳಿ ಚುಚ್ಚುತ್ತದೆಯೇ ಎಂದು ಕೇಳಿದ. ಚೆನ್ನಾಗಿಯೇ ಚುಚ್ಚುತ್ತದೆ ಎಂದಿದ್ದೇನೆ.