ಬ್ರೌಸರ್ ಕೊಡುವ ದೂರನ್ನು ಕೇಳಿಸಿಕೊಳ್ಳಿ

ಮಾನ್ಯ ಸಂಪಾದಕರೇ,

ಹೋಂಸ್ಟೇ ಕಾಯ್ದಿರಿಸುವುದಕ್ಕೂ ಕಾಫಿಪುಡಿ, ಕರಿಮೆಣಸು ತರಿಸಿಕೊಳ್ಳುವುದಕ್ಕೂ ಕೊಡಗಿನಲ್ಲಿ ವೆಬ್‌ಸೈಟುಗಳನ್ನು ನೆಚ್ಚಿದವರು ಹೆಚ್ಚುತ್ತಿರುವುದರಿಂದ, ಅವನ್ನು ಕಟ್ಟಿಕೊಡುವವರಲ್ಲಿ ಕಾಣುವ ಒಂದು ಲೋಪದ ಬಗ್ಗೆ ಈ ಪತ್ರ.

ಪುಟವೊಂದು ಯಾವ ವಿಳಾಸಗಳಿಂದ ಸ್ಕ್ರಿಪ್ಟ್ (ಪುಟದೊಳಗೆ ಓಡುವ ಕೋಡ್), ಚಿತ್ರ, ಪಾವತಿ ಫ್ರೇಮ್ (ಹಣ ಕಟ್ಟಲು ಪುಟದೊಳಗೆ ತೆರೆಯುವ ಬೇರೆ ತಾಣದ ಚೌಕ) ತರಿಸಿಕೊಳ್ಳಬಹುದು, ಎಲ್ಲಿಗೆ ಮಾಹಿತಿ ಕಳಿಸಬಹುದು ಎಂದು ಬ್ರೌಸರ್‌ಗೆ ಮೊದಲೇ ತಿಳಿಸುವ ನಿಯಮವೇ ‘ಕಂಟೆಂಟ್ ಸೆಕ್ಯುರಿಟಿ ಪಾಲಿಸಿ’. 2018ರಲ್ಲಿ ಬ್ರಿಟಿಷ್ ಏರ್‌ವೇಸ್ ತಾಣದ ಸ್ಕ್ರಿಪ್ಟಿನೊಳಗೆ ಕಳ್ಳರು ತುರುಕಿದ ಕೆಲವೇ ಸಾಲುಗಳು ಗ್ರಾಹಕರ ಕಾರ್ಡ್ ವಿವರಗಳನ್ನು ಬೇರೆ ವಿಳಾಸಕ್ಕೆ ಸಾಗಿಸಿದವು. 2020ರಲ್ಲಿ ಆ ಕಂಪನಿಗೆ 2 ಕೋಟಿ ಪೌಂಡ್ ದಂಡ ಬಿತ್ತು. ಇಂಥ ಸಾಗಣೆಗೆ ಅಡ್ಡ ನಿಲ್ಲಬಲ್ಲ ನಿಯಮವನ್ನು ಹಾಕಿದವರೂ ಅದು ಏನನ್ನು ತಡೆಯುತ್ತಿದೆ ಎಂದು ನೋಡುವುದಿಲ್ಲ.

ಇತ್ತೀಚೆಗೆ ಇಲ್ಲಿನ ಒಂದು ಹೋಂಸ್ಟೇ ತಾಣದಲ್ಲಿ ‘ಹಣ ಪಾವತಿಸಿ’ ಗುಂಡಿ ಒತ್ತಿದರೆ ಖಾಲಿ ಚೌಕವಷ್ಟೇ ಬರುತ್ತಿತ್ತು. ಪಾವತಿ ಫ್ರೇಮಿನ ವಿಳಾಸ ಬದಲಾಗಿದ್ದು, ಪಾಲಿಸಿ ಅದನ್ನು ತಡೆದಿತ್ತು. ಡೆವಲಪರುಗಳು ದೋಷ ನೋಡಲು ಬಳಸುವ ಬ್ರೌಸರಿನ ಕನ್ಸೋಲಿನಲ್ಲಿ ಕೆಂಪು ಸಾಲೇನೋ ಇತ್ತು. ಆದರೆ ಕೋಣೆ ಹುಡುಕುವ ಪ್ರವಾಸಿ ಕನ್ಸೋಲ್ ತೆರೆದು ನೋಡುತ್ತಾನೆಯೇ? ದೂರು ಬಂದೊಡನೆ ತಾಣ ಕಟ್ಟಿದವರು ಪಾಲಿಸಿಯಲ್ಲಿ ನಕ್ಷತ್ರ ಚಿಹ್ನೆ (*) ಹಾಕಿ ಎಲ್ಲ ವಿಳಾಸಗಳನ್ನೂ ಒಳಬಿಟ್ಟರು. ಸೋಲಾರ್ ಬೇಲಿಗೆ ಹಸು ತಾಗಿತೆಂದು ಬೇಲಿಯನ್ನೇ ಕಿತ್ತಂತಾಯಿತು.

ಪಾಲಿಸಿ ಮುರಿದಾಗಲೆಲ್ಲ ಬ್ರೌಸರ್ ಪುಟದೊಳಗೇ ‘ಸೆಕ್ಯುರಿಟಿಪಾಲಿಸಿವಯೊಲೇಶನ್’ ಎಂಬ ಇವೆಂಟ್ (ಪುಟದ ಕೋಡ್ ಕೇಳಿಸಿಕೊಳ್ಳಬಹುದಾದ ಸೂಚನೆ) ಹೊರಡಿಸುತ್ತದೆ. ತಡೆದ ವಿಳಾಸ, ಅನ್ವಯಿಸಿದ ನಿಯಮ, ಸ್ಕ್ರಿಪ್ಟಿನ ಕಡತ ಮತ್ತು ಸಾಲಿನ ಸಂಖ್ಯೆ, ನಿಜವಾಗಿ ತಡೆಯಿತೋ ಬರಿದೇ ವರದಿ ಮಾಡಿತೋ ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಉಲ್ಲಂಘನೆಯ ವರದಿಯನ್ನು ಬ್ರೌಸರ್ ಸರ್ವರಿಗೂ ಕಳಿಸುವಂತೆ ಮಾಡಬಹುದು, ಆದರೆ ಅದನ್ನು ಯಾರಾದರೂ ಆಮೇಲೆ ಓದಬೇಕು. ಇವೆಂಟ್ ಆದರೋ ಆ ಕ್ಷಣವೇ ಕೈಗೆ ಬರುವುದರಿಂದ, ಪಾವತಿ ಫ್ರೇಮ್ ತಡೆಯಲ್ಪಟ್ಟರೆ ‘ದಯವಿಟ್ಟು ಕರೆ ಮಾಡಿ ಕಾಯ್ದಿರಿಸಿ’ ಎಂದು ಅತಿಥಿಗೆ ತೋರಿಸಬಹುದು. ಇವೆಂಟನ್ನು ಕೇಳಿಸಿಕೊಳ್ಳುವ ಕೋಡ್ ಪುಟದ ತಲೆಭಾಗದಲ್ಲೇ ಇರಬೇಕು, ಏಕೆಂದರೆ ಅದಕ್ಕೂ ಮೊದಲು ನಡೆದ ಉಲ್ಲಂಘನೆಗಳು ಅದಕ್ಕೆ ಕೇಳಿಸುವುದಿಲ್ಲ. (ಆ ಕೋಡನ್ನೇ ಪಾಲಿಸಿ ತಡೆಯದಂತೆಯೂ ನೋಡಿಕೊಳ್ಳಬೇಕು!) ಅತಿಥಿಗಳ ಬ್ರೌಸರಿನ ಎಕ್ಸ್‌ಟೆನ್ಶನ್‌ಗಳು (ಅವರೇ ಹಾಕಿಕೊಂಡ ಹೆಚ್ಚುವರಿ ಸಲಕರಣೆಗಳು) ಎಬ್ಬಿಸುವ ಗದ್ದಲವನ್ನು ಸೋಸಿ, ಪುಟದ ವಿಳಾಸದಲ್ಲಿ ಬುಕಿಂಗ್ ಸಂಖ್ಯೆಯೋ ಫೋನ್ ಸಂಖ್ಯೆಯೋ ಇದ್ದರೆ ಅದನ್ನು ಕತ್ತರಿಸಿದ ಮೇಲಷ್ಟೇ ದಾಖಲಿಸುವುದು ಒಳ್ಳೆಯದು.

ತಾಣ ಮಾಡಿಸುವ ಮಾಲೀಕರು ಈ ಕೆಲಸವನ್ನು ಕರಾರಿನಲ್ಲೇ ಬರೆಸಿಕೊಳ್ಳಲಿ. ಪಾಲಿಸಿಯನ್ನು ಮಳೆಗಾಲದಲ್ಲಿ ಏನನ್ನೂ ತಡೆಯದೆ ವರದಿಯಷ್ಟೇ ಮಾಡುವ ‘ರಿಪೋರ್ಟ್ ಓನ್ಲಿ’ ಕ್ರಮದಲ್ಲಿ ಓಡಿಸಿ (ಇದಕ್ಕೆ ಪುಟದ ಜೊತೆ ಸರ್ವರ್ ಕಳಿಸುವ ಹೆಡರೇ ಬೇಕು, ಪುಟದೊಳಗೆ ಬರೆಯುವ ಮೆಟಾ ಟ್ಯಾಗ್ ಸಾಲದು), ಇವೆಂಟುಗಳು ತೋರಿದ ತಪ್ಪುಗಳನ್ನು ತಿದ್ದಿ, ಮಡಿಕೇರಿ ದಸರಾಕ್ಕೆ ಮುನ್ನ ಜಾರಿಗೊಳಿಸಲಿ.

– ಒಬ್ಬ ವೆಬ್ ಡೆವಲಪರ್, ವಿರಾಜಪೇಟೆ