ಕಸ ಗುಡಿಸಿದವರದೇ ತಪ್ಪಾ?

ಸಂಪಾದಕರೇ,

ನಿನ್ನೆಯ ಮೂರನೇ ಪುಟದ ಸುದ್ದಿ ಓದಿದ್ದು, ಇನ್ನೂ ಸಿಟ್ಟು ಇಳಿದಿಲ್ಲ. ಗ್ಯಾಲರಿಯಲ್ಲಿ ಶುಕ್ರವಾರ ರಾತ್ರಿ ಕಲಾಕೃತಿಯನ್ನು ಕಸ ಅಂದುಕೊಂಡು ಎತ್ತಿ ಹಾಕಿದ ಹೆಂಗಸನ್ನು ಕೆಲಸದಿಂದಲೇ ತೆಗೆದರಂತೆ. ಕಲಾಕೃತಿ ಯಾವುದು ಅಂತ ನೋಡಿದವರಿಗೆಲ್ಲ ಗೊತ್ತು. ಅದೇ, ನಜ್ಜುಗುಜ್ಜಾದ ನಾಲ್ಕು ರಟ್ಟಿನ ಡಬ್ಬ, ಮೇಲೊಂದು ಹರಿದ ಪ್ಲಾಸ್ಟಿಕ್ ಹಾಳೆ.

ನಾನು ಹೋಗಿದ್ದು ಶನಿವಾರ. ಅಂದರೆ ಅದು ಕಸದ ಗಾಡಿ ಹತ್ತಿದ ಮಾರನೇ ದಿನ! ಟಿಕೆಟಿಗೆ ಮುಕ್ಕಾಲು ಗಂಟೆ ನಿಂತೆ. ಬ್ಯಾಗ್ ಒಳಗೆ ಬಿಡಲ್ಲ ಅಂದರು, ಕೊಟ್ಟೆ. ಓದುವ ಕನ್ನಡಕ ಅದರಲ್ಲೇ ಉಳಿಯಿತು. ವಾಪಸ್ ಹೋಗಿ ಕೇಳಿದರೆ ಮತ್ತೆ ಸಾಲಿನಲ್ಲಿ ಬನ್ನಿ ಅಂದರು. ಲಿಫ್ಟ್ ಕೆಟ್ಟಿತ್ತು, ಮಂಡಿ ನೋವಿಟ್ಟುಕೊಂಡು ಮೂರು ಮಹಡಿ ಹತ್ತಿದೆ. ವಿಡಿಯೋ ಕೋಣೆಯಲ್ಲಿ ‘ಸಿಗ್ನಲ್ ಇಲ್ಲ’ ಅಂತ ನೀಲಿ ಪರದೆ, ಅದನ್ನೇ ನಾಲ್ಕು ಜನ ಕೈ ಕಟ್ಟಿಕೊಂಡು ಗಂಭೀರವಾಗಿ ನೋಡುತ್ತಿದ್ದರು. ಕೂರೋಣ ಅಂತ ಒಂದು ಬೆಂಚಿನ ಮೇಲೆ ಕೂತರೆ ಕಾವಲಿನವನು ಓಡಿ ಬಂದ, ಏಳಿ ಸಾರ್, ಅದು ಕೃತಿ!

ಕೊನೆಗೆ ಆ ಮೂಲೆಗೆ ಬಂದೆ. ಗೋಡೆಯ ಮೇಲೆ ಇರುವೆ ಸಾಲಿನಂಥ ಅಕ್ಷರದ ಚೀಟಿ, ಕೆಳಗೆ ಬರೀ ನೆಲ. ಖಾಲಿ ನೆಲವೇ ಕಲೆ ಇರಬೇಕು ಅಂತ ಐದು ನಿಮಿಷ ನಿಂತು ನೋಡಿದೆ, ನಗಬೇಡಿ. ಫ್ರಾನ್ಸಿನ ಕಲಾವಿದ ಈವ್ ಕ್ಲೈನ್ 1958ರಲ್ಲಿ ಪ್ಯಾರಿಸ್‌ನಲ್ಲಿ ಖಾಲಿ ಗ್ಯಾಲರಿಯನ್ನೇ ಪ್ರದರ್ಶನ ಅಂತ ತೋರಿಸಿದ್ದು ನನಗೂ ಗೊತ್ತು. ಅಲ್ಲಿದ್ದ ಹುಡುಗನನ್ನು ಕೇಳಿದರೆ ‘ನಿಮಗೆ ಏನನ್ನಿಸುತ್ತೋ ಅದೇ ಅರ್ಥ’ ಅಂದ. ನನಗೆ ಈಗ ಏನನ್ನಿಸುತ್ತಿದೆ ಅಂತ ಬರೆದರೆ ನೀವು ಅಚ್ಚು ಹಾಕುವುದಿಲ್ಲ.

ನಿಮ್ಮನ್ನೂ ಬಿಡುವಂತಿಲ್ಲ. ಭಾನುವಾರದ ಪುರವಣಿಯಲ್ಲಿ ಆ ಡಬ್ಬಗಳ ‘ಮೌನದ ಭಾರ’ದ ಬಗ್ಗೆ ಅರ್ಧ ಪುಟ ವಿಮರ್ಶೆ ಬಂತಲ್ಲ, ಆ ಹೊತ್ತಿಗೆ ಡಬ್ಬಗಳು ಎಲ್ಲಿದ್ದವು? ಉದ್ಘಾಟನೆಯ ದಿನವೇ ನೋಡಿ ಬರೆದಿರಬಹುದು ಅನ್ನೋಣ ಅಂದರೆ ಕ್ಯಾಟಲಾಗ್ ನನ್ನ ಹತ್ತಿರವೂ ಇದೆ ಸ್ವಾಮಿ, ಎರಡನೇ ಪ್ಯಾರಾ ಪದಕ್ಕೆ ಪದ ಅದೇ. ವಿಮರ್ಶಕರು ಮೆಚ್ಚಿದ್ದು ಕೃತಿಯನ್ನೋ ಕ್ಯಾಟಲಾಗನ್ನೋ?

ಇಂಥದ್ದು ಇದೇ ಮೊದಲೇನಲ್ಲ. ಜರ್ಮನಿಯಲ್ಲಿ ಕಲಾವಿದ ಯೋಸೆಫ್ ಬಾಯ್ಸ್ ಡ್ಯುಸೆಲ್ಡಾರ್ಫ್ ಕಲಾ ಅಕಾಡೆಮಿಯ ಮೂಲೆಯಲ್ಲಿ ಕೃತಿ ಅಂತ ಮೆತ್ತಿದ್ದ ಬೆಣ್ಣೆಯನ್ನು 1986ರಲ್ಲಿ ಒರೆಸಿ ಹಾಕಿದರು. 2011ರಲ್ಲಿ ಡಾರ್ಟ್‌ಮುಂಡ್‌ನಲ್ಲಿ ಮಾರ್ಟಿನ್ ಕಿಪ್ಪನ್‌ಬರ್ಗರ್ ಅವರ ಕೃತಿಯ ತೊಟ್ಟಿಯಲ್ಲಿದ್ದ ಕಲೆಯನ್ನು ಬರೀ ಕಲೆ ಅಂದುಕೊಂಡು ಉಜ್ಜಿ ತೆಗೆದರು. ಕೃತಿಯ ವಿಮೆ 8 ಲಕ್ಷ ಯೂರೋ. ನಮ್ಮ ಭಾಷೆಯಲ್ಲಂತೂ ಕಲಾವಿದನ ಕಲೆಗೂ ಕೊಳೆಯ ಕಲೆಗೂ ಒಂದೇ ಪದ, ಗುಡಿಸುವವರಿಗೆ ಹೇಗೆ ಗೊತ್ತಾಗಬೇಕು? 2024ರಲ್ಲಿ ನೆದರ್ಲೆಂಡ್ಸ್‌ನ ಮ್ಯೂಸಿಯಂ ಒಂದರಲ್ಲಿ ಕೈಯಲ್ಲಿ ಬಣ್ಣ ಬಳಿದು ಮಾಡಿದ ಎರಡು ಬಿಯರ್ ಕ್ಯಾನ್‌ಗಳನ್ನು ಲಿಫ್ಟ್ ರಿಪೇರಿಯವನು ಕಸಕ್ಕೆ ಎಸೆದ. ಅಲ್ಲಿನವರು ಕಸದ ಚೀಲ ಹುಡುಕಿ, ತೊಳೆದು, ವಾಪಸ್ ಇಟ್ಟರು. ಅವನು ತನ್ನ ಕೆಲಸ ಮಾಡಿದ ಅಷ್ಟೇ, ಬೇಜಾರಿಲ್ಲ ಅಂದರು. (ಅಲ್ಲಿ ಲಿಫ್ಟ್ ರಿಪೇರಿಗೆ ಜನ ಬರುತ್ತಾರೆ, ಅದನ್ನೂ ಗಮನಿಸಿ.) ಇಲ್ಲಿ? ಎರಡು ದಿನ ಯಾರಿಗೂ ಗೊತ್ತೇ ಆಗಿಲ್ಲ, ಗೊತ್ತಾದ ಕೂಡಲೇ ಆ ಹೆಂಗಸಿನ ಮೇಲೆ ಬಿದ್ದರು. ಮೂಲೆಗೆ ಈಗ ಹಗ್ಗ ಕಟ್ಟಿದ್ದಾರಂತೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು!

ನಮ್ಮೂರಿನ ಅಧಿಕಾರಿಗಳ ಕಥೆ ಹೊಸದಾ? ಸರ್ಕಲ್‌ನಲ್ಲಿದ್ದ ಉಕ್ಕಿನ ಶಿಲ್ಪ ನೆನಪಿದೆಯಾ? ರಸ್ತೆ ಅಗಲ ಮಾಡುತ್ತೇವೆ ಅಂತ ರಾತ್ರೋರಾತ್ರಿ ಕ್ರೇನ್ ತಂದು ಎತ್ತಿದರು. ಎಂಜಿನಿಯರ್ ಆಫೀಸಿನ ಹಿಂದೆ ತುಕ್ಕು ಹಿಡಿದು ಬಿದ್ದಿದೆ, ರಸ್ತೆ ಒಂದು ಗೇಣೂ ಅಗಲ ಆಗಿಲ್ಲ. ನ್ಯೂಯಾರ್ಕ್‌ನಲ್ಲಿ ಶಿಲ್ಪಿ ರಿಚರ್ಡ್ ಸೆರಾ ಅವರ 120 ಅಡಿ ಉದ್ದದ ಉಕ್ಕಿನ ಗೋಡೆ ಜನರಿಗೆ ಬೇಡವಾದಾಗಲೂ 1985ರಲ್ಲಿ ವಿಚಾರಣೆ ನಡೆಸಿ ಪರ ವಿರೋಧ ಕೇಳಿದ್ದರು, ತೆಗೆದದ್ದು 1989ರಲ್ಲಿ. ನಮ್ಮಲ್ಲಿ ಯಾರನ್ನು ಕೇಳಿದರು? ಮೂರು ಅರ್ಜಿ ಕೊಟ್ಟೆ, ‘ಪರಿಶೀಲನೆಯಲ್ಲಿದೆ’ ಅಂತ ಒಂದೇ ಉತ್ತರ. ಇದೇ ಮಹಾಶಯರು ಮೊನ್ನೆ ಪ್ರದರ್ಶನದ ಟೇಪು ಕತ್ತರಿಸಲು ಎರಡು ಗಂಟೆ ತಡವಾಗಿ ಬಂದು, ಭಾಷಣ ಮಾಡಿ, ಒಂದೂ ಕೃತಿ ನೋಡದೆ ಹೋದರು.

ಆ ಹೆಂಗಸಿಗೆ ಕೆಲಸ ವಾಪಸ್ ಕೊಡಬೇಕು. ಇಲ್ಲದಿದ್ದರೆ ಚೀಟಿ ಬರೆದವರು, ಹಗ್ಗ ಕಟ್ಟದವರು, ಟೇಪು ಕತ್ತರಿಸಿದವರು ಎಲ್ಲರ ಮೇಲೂ ಕ್ರಮ ತೆಗೆದುಕೊಳ್ಳಿ. ಅದೂ ಆಗದಿದ್ದರೆ ಪ್ರದರ್ಶನವನ್ನೇ ಮುಚ್ಚಿ, ಅಥವಾ ಮೊದಲು ಆ ಲಿಫ್ಟ್ ಸರಿ ಮಾಡಿ. ನನ್ನ ಟಿಕೆಟ್ ದುಡ್ಡಂತೂ ಯಾರೂ ಕೊಡಲ್ಲ, ಬಿಡಿ. ನಾಚಿಕೆಯಾದರೂ ಬೇಡವಾ ಇವರಿಗೆ?

— ಖಾಲಿ ನೆಲ ನೋಡಿ ಬಂದ ನಿಮ್ಮ ಓದುಗ