ಸ್ಯಾಮಿಗೆ, ಮಾರ್ಕನ ವಿಷಯವಾಗಿ

ಪ್ರೀತಿಯ ಸ್ಯಾಮಿ,

ಇದನ್ನು ನಿನ್ನ ವಾಟ್ಸಾಪಿಗೇ ಹಾಕಬಹುದಿತ್ತು. ಆದರೆ ಅಲ್ಲಿ ನೀನು ಹೆಬ್ಬೆರಳು ತೋರಿಸಿ ಜಾರಿಕೊಳ್ಳುತ್ತೀಯ. ನಾಲ್ಕು ಜನ ನೋಡುತ್ತಿದ್ದರೆ ಮಾತ್ರ ನಿನ್ನೊಳಗಿನ ಎರಡನೇ ಬೆಂಚಿನ ಪ್ರವಾದಿ ಏಳುವುದು. ಅದಕ್ಕೇ ಇಲ್ಲಿ. ಉಳಿದವರೂ ಓದಬಹುದು.

ಈಸ್ಟರ್ ದಿನ ಚರ್ಚಿನ ಹೊರಗೆ ಶುರುವಾದ ಜಗಳ ಇನ್ನೂ ಮುಗಿದಿಲ್ಲ, ಅಲ್ವಾ? ಬೈಬಲ್ಲಿನಲ್ಲಿ ಯೇಸುವಿನ ಕಥೆ ಹೇಳುವ ನಾಲ್ಕು ಪುಸ್ತಕಗಳಲ್ಲಿ ಒಂದಾದ ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನ, 16ನೇ ಅಧ್ಯಾಯದ 9ರಿಂದ 20, ಮಾರ್ಕ ಬರೆದದ್ದಲ್ಲ ಅಂತ ನಾನು. ಹಾಗಾದರೆ ಕತ್ತರಿ ತಗೊಂಡು ಕೂರು ಅಂತ ನೀನು.

ಕತ್ತರಿ ಬೇಡ, ಬೈಬಲ್ಲಿನ ಹಳೆಯ ಕೈಬರಹದ ಪ್ರತಿಗಳನ್ನೇ ನೋಡು. ದೊಡ್ಡವು ಎರಡು, ಎರಡೂ 4ನೇ ಶತಮಾನದವು. ಒಂದು ವ್ಯಾಟಿಕನ್ ಲೈಬ್ರರಿಯದು. ಇನ್ನೊಂದು ಈಜಿಪ್ಟಿನ ಸಿನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠದಲ್ಲಿತ್ತು. ಅಲ್ಲಿಂದ ರಷ್ಯಾಕ್ಕೆ ಹೋಯಿತು. 1933ರಲ್ಲಿ ಸೋವಿಯತ್ ಸರ್ಕಾರ ಅದನ್ನು ಒಂದು ಲಕ್ಷ ಪೌಂಡಿಗೆ ಬ್ರಿಟಿಷ್ ಮ್ಯೂಸಿಯಂಗೆ ಮಾರಿತು. ದೇವರ ವಾಕ್ಯ ಮಾರಿ ಸ್ಟಾಲಿನ್ ದುಡ್ಡು ಮಾಡಿದ ಅಂತ ಅವತ್ತು ಹೇಳಿದಾಗ ನೀನು ನಗಲಿಲ್ಲ. ಒಳ್ಳೆ ಜೋಕು, ಇನ್ನೊಂದು ಸಲ ಹೇಳಿದ್ದೇನೆ.

ಎರಡರಲ್ಲೂ ಮಾರ್ಕ 8ನೇ ವಚನಕ್ಕೇ ನಿಲ್ಲುತ್ತಾನೆ. ಸಮಾಧಿಗೆ ಹೋದ ಮೂವರು ಹೆಂಗಸರು ನಡುಗುತ್ತಾ ಓಡಿಹೋಗುತ್ತಾರೆ. ಹೆದರಿಕೆಯಿಂದ ಯಾರಿಗೂ ಏನೂ ಹೇಳುವುದಿಲ್ಲ. ಮುಗಿಯಿತು. ಎದ್ದುಬಂದ ಯೇಸು ಯಾರ ಕಣ್ಣಿಗೂ ಬೀಳುವುದಿಲ್ಲ.

ವ್ಯಾಟಿಕನ್ ಪ್ರತಿಯ ಆ ಪುಟದ ಫೋಟೋ ನೋಡಿದೆ. ಪುಟಕ್ಕೆ ಮೂರು ಕಾಲಂ. ಎರಡನೆಯದರಲ್ಲಿ ಮಾರ್ಕ ಮುಗಿಯುತ್ತಾನೆ, ಮೂರನೆಯದು ಪೂರ್ತಿ ಖಾಲಿ. ಒಂದು ಪುಸ್ತಕ ಮುಗಿದರೆ ಪಕ್ಕದ ಕಾಲಂನಲ್ಲೇ ಇನ್ನೊಂದನ್ನು ಶುರು ಮಾಡುವ ನಕಲುಗಾರ ಹೊಸ ಒಡಂಬಡಿಕೆಯಲ್ಲಿ ಇಲ್ಲಿ ಮಾತ್ರ ಚರ್ಮದ ಹಾಳೆಯನ್ನು ಹಾಗೇ ಬಿಟ್ಟಿದ್ದಾನೆ. ಇವನಿಗೆ ಆ ಹನ್ನೆರಡು ವಚನದ ಉದ್ದದ ಮುಕ್ತಾಯ ಗೊತ್ತಿತ್ತಾ? ಗೊತ್ತಿದ್ದೂ ಬರೆಯಲು ಮನಸ್ಸಾಗಲಿಲ್ಲವಾ? ನನಗೆ ಗ್ರೀಕ್ ಒಂದಕ್ಷರ ಬರುವುದಿಲ್ಲ. ಖಾಲಿ ಜಾಗ ಓದಲು ಬರಬೇಕಾಗಿಯೂ ಇಲ್ಲ, ಅದನ್ನೇ ತುಂಬಾ ಹೊತ್ತು ಓದಿದೆ.

ಇನ್ನೊಂದು ನೋಡು. 1ನೇ ವಚನದಲ್ಲೇ ಬಂದಿರುವ ಮಗ್ದಲದ ಮರಿಯಳನ್ನು 9ರಲ್ಲಿ ಹೊಸಬಳ ಹಾಗೆ ಪರಿಚಯಿಸುತ್ತಾರೆ, ಏಳು ದೆವ್ವ ಬಿಟ್ಟುಹೋದವಳು ಅಂತ. ಒಬ್ಬನೇ ಬರೆದರೆ ಹೀಗೆ ಬರೆಯುತ್ತಾನಾ?

ನಿನ್ನ ಪರವಾದ ಸಾಕ್ಷಿಯನ್ನೂ ನಾನೇ ಕೊಡುತ್ತೇನೆ, ನೀನು ಹೇಗೂ ಹುಡುಕುವವನಲ್ಲ. ಸುಮಾರು ಕ್ರಿ.ಶ. 180ರಲ್ಲೇ ಈಗಿನ ಫ್ರಾನ್ಸಿನ ಲಿಯೋನ್‌ನ ಬಿಷಪ್ ಐರೇನಿಯಸ್ 19ನೇ ವಚನವನ್ನು ಮಾರ್ಕನ ಮಾತು ಅಂತಲೇ ಎತ್ತಿ ಹೇಳಿದ್ದಾನೆ. ಅಂದರೆ ನನ್ನ ಎರಡು ಪ್ರತಿಗಳಿಗಿಂತ ಒಂದೂವರೆ ಶತಮಾನದಷ್ಟು ಮೊದಲೇ ಈ ವಚನಗಳು ಓಡಾಡುತ್ತಿದ್ದವು. ಇದು ನನಗೆ ಕಿರಿಕಿರಿ. ಯಾಕೆ ಕಿರಿಕಿರಿ ಅಂತ ಕೇಳಿಕೊಂಡಾಗಲೇ ಪಾಡು ಶುರುವಾದದ್ದು.

18ನೇ ವಚನ, ಸ್ಯಾಮಿ. ರೋಗಿಗಳ ಮೇಲೆ ಕೈಯಿಟ್ಟರೆ ಗುಣವಾಗುತ್ತಾರೆ ಅನ್ನುವುದು. ಅಮ್ಮ ಅದನ್ನು ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ಗ್ಲೂಕೋಸ್ ಸ್ಟ್ಯಾಂಡಿಗೆ ಕಟ್ಟಿದ್ದಳು. ಅಪ್ಪನ ಮಂಚದ ಸುತ್ತ ನಿಂತವರಲ್ಲಿ ನೀನೂ ಇದ್ದೆ, ನಿನ್ನ ಕೈ ಅವರ ಎಡಗಾಲಿನ ಮೇಲೆ. ನನ್ನದು ಹಣೆಯ ಮೇಲೆ, ಬೆವರಿಗೆ ಜಾರುತ್ತಿತ್ತು. ಮಣ್ಣು ಮಾಡಿ ಬಂದ ಮೇಲೆ ಒಬ್ಬರು ಹಿರಿಯರು ನಂಬಿಕೆ ಸಾಲಲಿಲ್ಲವೇನೋ ಅಂದರು. ಯಾರ ನಂಬಿಕೆ ಅಂತ ಹೇಳಲಿಲ್ಲ. ಹಣೆಯ ಮೇಲೆ ಕೈಯಿಟ್ಟವನದೇ ಇರಬೇಕು ಅಂತ ಇಷ್ಟು ವರ್ಷ ನಾನೇ ಇಟ್ಟುಕೊಂಡಿದ್ದೇನೆ.

ಹಾಗಾಗಿ ಆ ವಚನ ಆಮೇಲೆ ಸೇರಿದ್ದು ಅಂತ ಓದಿದಾಗ ಮೈ ಹಗುರವಾಯಿತು. ಯಾರೋ ಹೆಸರಿಲ್ಲದವನು ಕೊಟ್ಟ ಮಾತು ಅದು. ಹಾಗಾದರೆ ಮಾತು ತಪ್ಪಿದವರು ಯಾರೂ ಇಲ್ಲ. ಮೇಲೆಯೂ ಇಲ್ಲ, ಕೆಳಗೆಯೂ ಇಲ್ಲ. ಚರ್ಚಿನ ಹೊರಗೆ ನಿಂತು ನಾನು ಅಷ್ಟು ಜೋರಾಗಿ ವಾದಿಸಿದ್ದು ಇದಕ್ಕೆ. ಅಮ್ಮನಿಗೆ ಇದ್ಯಾವುದೂ ಗೊತ್ತಿಲ್ಲ. ಅವಳ ಸತ್ಯವೇದದಲ್ಲಿ ಆ ವಚನದ ಕೆಳಗೆ ಕೆಂಪು ಪೆನ್ಸಿಲ್ ಗೆರೆ ಇದೆ. ಈಗಲೂ ಅದನ್ನು ಓದುತ್ತಾಳೆ, ಅಪ್ಪ ಹೋದ ಮೇಲೂ. ಅವಳಿಗೆ ಅಲ್ಲಿ ಏನು ಸಿಗುತ್ತದೋ, ಕೇಳಲು ನನಗೆ ಧೈರ್ಯವಿಲ್ಲ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ನೀನೀಗ ಬೈಬಲ್ಲಿನ ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ ತೆಗೆಯುತ್ತೀಯ: ಹಿರಿಯರು ಎಣ್ಣೆ ಹಚ್ಚಿ ಪ್ರಾರ್ಥಿಸಿದರೆ ರೋಗಿ ಏಳುತ್ತಾನೆ, ಅಲ್ಲಿ ಯಾವ ಖಾಲಿ ಕಾಲಮ್ಮೂ ಇಲ್ಲ. ತೆಗೆಯಬೇಡ ಮಾರಾಯ. ಸದ್ಯಕ್ಕೆ ಬೇಡ.

ಬೇಕಾದರೆ 18ರ ಮೊದಲರ್ಧಕ್ಕೆ ಬಾ. ನಂಬಿದವರು ಹಾವು ಎತ್ತುತ್ತಾರೆ, ವಿಷ ಕುಡಿದರೂ ಅವರಿಗೆ ಏನೂ ಆಗದು ಅಂತಿದೆ. ಅಮೆರಿಕದ ಅಪಲೇಚಿಯ ಬೆಟ್ಟಗಳ ಕೆಲವು ಸಭೆಗಳಲ್ಲಿ ಇದನ್ನು ನಂಬಿ ಆರಾಧನೆಯ ನಡುವೆ ವಿಷದ ಹಾವು ಎತ್ತುತ್ತಾರೆ. ಆ ಪದ್ಧತಿಯನ್ನು ಹಬ್ಬಿಸಿದ ಜಾರ್ಜ್ ಹೆನ್ಸ್‌ಲಿ 1955ರಲ್ಲಿ ಹಾವು ಕಚ್ಚಿಯೇ ಸತ್ತ. ಹನ್ನೆರಡೂ ವಚನ ಮಾರ್ಕನದೇ ಅಂತ ಹಟ ಹಿಡಿದ ಮಹಾನುಭಾವ ನೀನು, ಕಳೆದ ಮಳೆಗಾಲದಲ್ಲಿ ಬಚ್ಚಲುಮನೆಯ ಎರೆಹುಳ ನೋಡಿ ಸ್ಟೂಲ್ ಹತ್ತಿದ್ದನ್ನು ನಿನ್ನ ಹೆಂಡತಿ ನನಗೆ ಹೇಳಿದ್ದಾಳೆ. ನಾನು ಯಾರಿಗೂ ಹೇಳಿರಲಿಲ್ಲ. ಇವತ್ತಿನವರೆಗೆ.

ನಿನ್ನವನೇ